ಗಂಟಿಲ್ಲದ ಹೋರಿ

ಫೆಬ್ರವರಿ 3, ಮೊಂಜೆ. ಬೆಳಿಗ್ಗೆ

ತಂಗಿ ಮುಟಿಂಟಾ, ಹೇಗಿದ್ದೀಯ? ನಿನ್ನ ಮಂಡಿನೋವು? ನಿನ್ನ ಮಗ ಚೋಲ್ವೆಯ ಕೆಮ್ಮು? ಸೊಸೆ ಮೂನೊಗೆ ಹೆರಿಗೆಯಾಯಿತೆ? ಕಾಫುವೆ ಬಯಲಿನ ನಿಮ್ಮ ಹಳ್ಳಿಗೆ ಫೋನ್ ಸಿಗ್ನಲ್ ಇಲ್ಲ. ದಿನಚರಿಯಲ್ಲೇ ನಿನ್ನೊಡನೆ ಮಾತು. ಇದು ನಿನ್ನ ಕೈ ಸೇರುವುದಿಲ್ಲ, ಗೊತ್ತು.

ಹಾಲು ಕರೆದಾಯಿತು. ಕೆಂಪು ಹಸುವಿನ ಕುತ್ತಿಗೆ ತುಂಬ ಗಂಟು. ಉಳಿದವಕ್ಕೂ ಜ್ವರ. ವೆಟರ್ನರಿ ಮೇಡಂ ಲುಯಾಂಡೊ ಬಂದು ಗಂಟಿನ ಚೂರು ಕೊಯ್ದು ಸೀಸೆಗೆ ಹಾಕಿಕೊಂಡರು. ಕರಿ ಹೋರಿಯ ರಕ್ತವನ್ನೂ ತೆಗೆದರು.

"ಅವನಿಗೇನಾಗಿದೆ ತಾಯೀ? ಮದುವೆ ಗಂಡಿನ ಹಾಗೆ ಮಿಂಚ್ತಿದಾನೆ."

"ಮಿಂಚ್ಲಿ ಬಿಡಿ ಅಜ್ಜಾ. ಲುಸಾಕಾ ಲ್ಯಾಬಿಂದ ರಿಸಲ್ಟ್ ಬರೋವರೆಗೂ ಒಂದು ಕರೂನೂ ದೊಡ್ಡಿ ದಾಟಬಾರದು."

ಫೆಬ್ರವರಿ 4

ದಾಟಿಸಿಬಿಟ್ಟೆ. ರೋಗ ಬಂದರೆ ದನಗಳನ್ನು ಒಂದೇ ಕಡೆ ಇಡದೆ ನೆಂಟರ ದೊಡ್ಡಿಗಳಿಗೆ ಹಂಚುವುದು... ಅಪ್ಪ ಹಾಗೇ ಉಳಿಸಿಕೊಂಡಿದ್ದು. ಹೋರಿಯ ಮೈಯೆಲ್ಲ ಸವರಿ ನೋಡಿದೆ. ಒಂದು ಗುಳ್ಳೆ ಇಲ್ಲ. ಹಿರಿಮಗನ ಜೊತೆ ನಿನ್ನಲ್ಲಿಗೆ ಹೊರಡಿಸಿದೆ.

ನಿನ್ನ ಅತ್ತಿಗೆ ರೇಗಿದಳು: "ಮೇಡಂ ಹೇಳಿದ್ದು ಕೇಳಿಸ್ಲಿಲ್ವಾ? ಕಿವಿಗೆ ಉಣ್ಣಿ ಹೊಕ್ಕಿದೆಯಾ?"

"ಸುಮ್ನಿರೇ. ಇದೊಂದಾದ್ರೂ ಉಳೀಲಿ."

ಫೆಬ್ರವರಿ 17, ಮಧ್ಯಾಹ್ನ

ಕೆಂಪು ಹಸು ಎದ್ದು ಮೇಯುತ್ತಿದೆ. ಆ ಖುಷಿಯಲ್ಲಿದ್ದೆ. ಮೇಡಂ ಫೋನ್.

ಚರ್ಮಗಂಟು ರೋಗವೇ. ಹಸುವಿನ ಚೂರಿನಲ್ಲಿ ವೈರಸ್ ಸಿಕ್ಕಿದೆಯಂತೆ. ಅದು ಗೊತ್ತಿದ್ದದ್ದೇ. ಆಮೇಲೆ—

"ಹೋರಿ ರಕ್ತದಲ್ಲೂ ಇದೆ ಅಜ್ಜಾ."

"ಅವನಿಗೆ ಒಂದು ಗಂಟೂ ಇಲ್ಲಮ್ಮಾ!"

"ಕೆಲವಕ್ಕೆ ಗಂಟೇ ಏಳಲ್ಲ. ನೊಣ ಅವನನ್ನ ಕಚ್ಚಿ ಪಕ್ಕದ ದನಕ್ಕೆ ದಾಟಿಸುತ್ತೆ. ಅವನು ಹಸು ಮೇಲೆ ಹಾರಿದ್ರೂ ದಾಟಬಹುದು. ದೊಡ್ಡಿಯಲ್ಲೇ ಇದಾನೆ ತಾನೆ?"

ಕೂತುಬಿಟ್ಟೆ. ನಿನ್ನ ಹಸುಗಳು... ಉಳುವ ಜೋಡಿ ಎತ್ತು... ಗಂಡನಿಲ್ಲದ ನಿನಗೆ ಇರುವುದೇ ಅವು. ನಾನೇ ಕಳಿಸಿದೆ.

ಹೇಳಿದೆ. ಮೇಡಂ ಬೈಯಲಿಲ್ಲ. "ಅವನು ಹೋದ ಕಡೆಯೆಲ್ಲ ಲಸಿಕೆ ಹಾಕ್ಬೇಕು. ಬೇಗ ವಿಚಾರಿಸಿ."

ಅದೇ ದಿನ, ಸಂಜೆ

ನಿಮ್ಮ ಕಡೆಯ ಬಸ್ಸು ಬಂತು. ಕಂಡಕ್ಟರ್ ನೀನು ಕಳಿಸಿದ ಹುಳಿಹಾಲಿನ ಗಡಿಗೆ ಇಳಿಸಿದ.

"ಏನ್ ಹೋರಿ ಯಜಮಾನ್ರೇ! ನಿಮ್ಮ ತಂಗಿ ಹೊಗಳಿದ್ದೇ ಹೊಗಳಿದ್ದು. ಅವರ ಹಸುಗಳಿಗೆಲ್ಲ ಹಾರಿಸಿ ಆಯ್ತಂತೆ. ಈಗ ಊರೂರು ಸುತ್ತುತಾ ಇದಾನೆ, ರಾಜನ ಹಾಗೆ!"

"ಯಾರ ದೊಡ್ಡಿಗೆ ಹೋದ?"

"ಯಾರೋ ನೆಂಟ್ರಂತೆ. ಅವರು ಇನ್ಯಾರಿಗೆ ಕೊಟ್ರೋ!" ನಗುತ್ತಲೇ ಇದ್ದ.

ಬಸ್ಸು ಈಗಲೇ ನಿಮ್ಮ ಕಡೆಗೆ ಹಿಂದಿರುಗುತ್ತದೆ. ಈ ಹಾಳೆ ಹರಿದು ಅವನ ಕೈಗೇ ಕೊಡುತ್ತೇನೆ. ಇದನ್ನಾದರೂ ಓದು, ತಾಯಿ. ಯಾರಿಗೆ ಕೊಟ್ಟೆ? ಅಲ್ಲಿಂದ ಎಲ್ಲಿಗೆ? ಹೆಸರು, ಹಳ್ಳಿ, ಎಲ್ಲ ಬೇಕು. ಬಸ್ಸು ನಿಲ್ಲಿಸಿಕೊಂಡೇ ಬರೆ ಮುಟಿಂಟಾ, ಬೇಗ ಬರೆ, ಹಾರ್ನ್ ಹೊಡೆಯುತ್ತಿದ್ದಾನೆ, ಮೊದಲು ನಿನ್ನ ಎತ್ತುಗಳನ್ನು ಬೇರೆ—