ಗುಬ್ಬಿಯ ಜೊತೆ ಡಬಲ್ಸ್

ಕ್ಲಬ್ಬಿನ ಹಿಂದಿನ ಕೋಣೆಯಿಂದ,
ಮೇ ೧೮, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಕಿವಿ ಈಗ ಹೇಗಿದೆ? ಡಾಕ್ಟರು ಕೊಟ್ಟ ಯಂತ್ರ ಹಾಕಿಕೊಳ್ಳುತ್ತೀಯೋ, ಇಲ್ಲ ಡಬ್ಬಿಯಲ್ಲೇ ಜೋಪಾನವಾಗಿ ಮಲಗಿಸಿದ್ದೀಯೋ? ಅಕ್ಕನ ಮಗನಿಗೆ ಹಲ್ಲು ಬಂತೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಮಗಳು ಪುಟ್ಟಿ ದಿನಾ “ಅಜ್ಜಿ ಯಾವಾಗ ಬರ್ತಾಳೆ” ಅಂತ ಕೇಳುತ್ತಾಳೆ. ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ಅಕ್ಕ ತನಗೆ ಬೇಕಾದಂತೆ ತಿದ್ದಿ ಹೇಳುತ್ತಾಳೆ. ಅದಕ್ಕೇ ಬರೆಯಲು ಕೂತೆ. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ.

ಅಮ್ಮಾ, ನಾನು ಇವತ್ತು ನಗರದ ಮಹಿಳಾ ಟೆನಿಸ್ ಡಬಲ್ಸ್ ಫೈನಲ್ ಆಡಿದೆ. ಆಡಿಸಿದೆ ಅಲ್ಲ, ಆಡಿದೆ. ನನ್ನ ಶಿಷ್ಯೆ ಗುಬ್ಬಿ ನೆನಪಿದ್ದಾಳಲ್ಲ, ದರ್ಜಿಯವರ ಮಗಳು, ಸರ್ವ್ ಮಾಡುವಾಗ ನಾಲಿಗೆ ಕಚ್ಚಿಕೊಳ್ಳುವವಳು? ಮೊದಲ ಸುತ್ತಿಗೆ ಮುಂಚೆ ಅವಳ ಜೊತೆಗಾತಿ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು. ಆ ಗಳಿಗೆಯಲ್ಲಿ ಬೇರೆ ಯಾರು ಸಿಗುತ್ತಾರೆ? ಗುಬ್ಬಿ ನನ್ನ ಮುಖ ನೋಡಿ, “ನೀವೇ ಆಡಿ ಮೇಡಂ, ಓಡೋದೆಲ್ಲ ನಾನು ಓಡ್ತೀನಿ” ಅಂದಳು. ಮಂಡಿ ಆಪರೇಷನ್ ಆದ ಮೇಲೆ ನಾನು ಒಂದು ಪಂದ್ಯವನ್ನೂ ಆಡಿರಲಿಲ್ಲ. ಹೋಟೆಲಿನ ಬೇಸಿನ್ನಿನಲ್ಲಿ ಕಾಲುಚೀಲ ಒಗೆದುಕೊಂಡು ಊರಿಂದೂರಿಗೆ ಒಬ್ಬಳೇ ಅಲೆದ ಆ ವರ್ಷಗಳು ನಿನಗೆ ಗೊತ್ತೇ ಇವೆ. ದೊಡ್ಡ ಟೂರ್ನಿಯಲ್ಲಿ ಮೂರನೇ ಸುತ್ತು ಮುಟ್ಟಿದ ದಿನವೂ ಖುಷಿ ಹಂಚಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಡಾಕ್ಟರು “ಇನ್ನು ಸಾಕಮ್ಮ” ಅಂದ ಮೇಲೆ ಕೋಚ್ ಕೆಲಸ ಹಿಡಿದದ್ದು ಬರೀ ಹೊಟ್ಟೆಪಾಡಿಗೆ ಅಂದುಕೊಂಡಿದ್ದೆ.

ಹೇಗೋ ಏದುಸಿರು ಬಿಡುತ್ತ ಫೈನಲ್‌ವರೆಗೆ ಬಂದೆವು. ಎದುರಿಗಿದ್ದವರು ಕುದುರೆಗಳಂಥ ಹುಡುಗಿಯರು. ಮೊದಲ ಸೆಟ್ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಯಿತು. ನನ್ನ ಮಂಡಿಯ ಗುಟ್ಟು ಅವರಿಗೆ ತಿಳಿದುಹೋಗಿತ್ತು. ಚೆಂಡೆಲ್ಲ ನನ್ನ ಬಲಗಡೆಗೇ. ನಾನೋ ಹಲ್ಲು ಕಚ್ಚಿ ಎಲ್ಲವನ್ನೂ ಒಬ್ಬಳೇ ತೆಗೆಯಲು ಹೋಗುತ್ತಿದ್ದೆ. ಬಿಡುವಿನಲ್ಲಿ ಗುಬ್ಬಿ ನೀರು ಕೊಡುತ್ತ, “ಕೋಪ ಮಾಡ್ಕೋಬೇಡಿ ಮೇಡಂ, ಹಿಂದೆ ನಾನೂ ಇದೀನಿ. ನೀವು ನೆಟ್ ಹತ್ರ ಗೋಡೆ ಥರ ನಿಂತ್ಕೊಳ್ಳಿ, ಸಾಕು” ಅಂದಳು. ನನಗೇ ಪಾಠ. ನಗು ಬಂತು, ಹೋಗಿ ನಿಂತೆ. ಎರಡನೇ ಸೆಟ್ ನಮ್ಮದಾಯಿತು. ಮೂರನೆಯದು ಜಗ್ಗಾಡಿ ಜಗ್ಗಾಡಿ ಟೈಬ್ರೇಕಿಗೆ ಹೋಯಿತು. ಕೊನೆಯ ಚೆಂಡು ನನ್ನ ತಲೆಯ ಮೇಲೆ ಎತ್ತರಕ್ಕೆ ಹಾರಿತು. ಹಿಂದಿನ ನಾನಾಗಿದ್ದರೆ ಮಂಡಿ ಮುರಿದರೂ ಓಡುತ್ತಿದ್ದೆ. ಈ ಸಲ ಗುಬ್ಬಿಗೆ “ನಿಂದೇ” ಅಂತ ಕೂಗಿ ಜಾಗ ಬಿಡದೆ ನಿಂತೆ. ಬೆನ್ನ ಹಿಂದೆ ಅವಳ ಹೆಜ್ಜೆ ದಡದಡ ಕೇಳಿತು, ಅವಳು ಹೊಡೆದ ಚೆಂಡು ನನ್ನ ಕಿವಿಯ ಪಕ್ಕದಿಂದ ಸುಯ್ಯೆಂದು ಹೋಗಿ ಎದುರಿನವರ ಗೆರೆಯ ಮೇಲೆ ಬಿತ್ತು, ಗೆದ್ದುಬಿಟ್ಟೆವು. ನಾನೇ ಹೊಡೆದು ಗೆದ್ದ ಯಾವ ಚೆಂಡಿಗೂ ನನ್ನ ಎದೆ ಹೀಗೆ ಕುಣಿದಿರಲಿಲ್ಲ, ಅಮ್ಮಾ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಮಗುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ಆಶೀರ್ವಾದ ಬೇಡುತ್ತ, ಮಂಡಿಗೆ ಐಸ್ ಕಟ್ಟಿಕೊಂಡು ಕೂತಿರುವ,
ನಿನ್ನ ಚಿಕ್ಕ ಮಗಳು

ವಿ.ಸೂ.: ಪಂದ್ಯ ನೋಡಲು ದೇಶದ ಮಹಿಳಾ ತಂಡದ ಮ್ಯಾನೇಜರ್ ಬಂದಿದ್ದರು. ತಂಡಕ್ಕೆ ಕೋಚ್ ಆಗಿ ಬನ್ನಿ ಅಂದರು. ಯೋಚಿಸಿ ಹೇಳುತ್ತೇನೆ ಅನ್ನಬೇಕೆಂದುಕೊಂಡವಳ ಬಾಯಲ್ಲಿ “ಹೂಂ” ಅಂತ ಬಂದುಬಿಟ್ಟಿತು. ಗುರುವಾರವೇ ಹೊರಡಬೇಕು, ಮಳೆಗಾಲ ಮುಗಿಯುವವರೆಗೆ ತಿರುಗಾಟ. ಪುಟ್ಟಿಗೆ ನೀನು ಬೇಕು. ಈ ಕಾಗದ ತಂದಿರುವ ನಿನ್ನ ಚಿಕ್ಕ ಅಳಿಯ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿರಬೇಕು. ಒಬ್ಬರೇ ವಾಪಸ್ ಬರಬೇಡಿ ಅಂತ ಹೇಳಿ ಕಳಿಸಿದ್ದೇನೆ. ಬಟ್ಟೆ ತುಂಬಿಕೋ ಅಮ್ಮಾ.