ನೀವು ಕುಡಿಸಿದ ಕಾಫಿ

ರಾಯಭಾರ ಕಚೇರಿಯ ಪ್ರಜಾಪ್ರಭುತ್ವ ನೆರವು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ತರಬೇತಿ ಕೊಟ್ಟು, ಬೆನ್ನು ತಟ್ಟಿ, ಚುನಾವಣೆಗೆ ನಿಲ್ಲಿಸಿದ ನಮ್ಮ ಊರಿನ ಪುರಸಭಾ ಸದಸ್ಯೆ ಬುಥೈನಾ ಜೈಲಿನಲ್ಲಿದ್ದಾಳೆ. ‘ಮಿತ್ರರಾಷ್ಟ್ರದೊಂದಿಗಿನ ಸಂಬಂಧಕ್ಕೆ ಧಕ್ಕೆ ತಂದಿದ್ದಾಳೆ’ ಎಂಬುದು ಅವಳ ಮೇಲಿನ ಆರೋಪ. ಆ ಮಿತ್ರರಾಷ್ಟ್ರ ತಮ್ಮದೇ. ಧಕ್ಕೆಯಾಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು ನಿಮ್ಮನ್ನು ಬಿಟ್ಟರೆ ಇನ್ನಾರೂ ಇಲ್ಲ. ನೀವೋ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀರಿ. ಖಾಸಗಿಯಾಗಿ ಬರೆದ ಪತ್ರಗಳು ನಿಮ್ಮ ಕಚೇರಿಯ ಬಾಗಿಲು ದಾಟಿದಂತೆ ಕಾಣುವುದಿಲ್ಲ. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಅವಳು ಮಾಡಿದ ಘನಘೋರ ಅಪರಾಧ ಏನೆಂದು ಓದುಗರಿಗೂ ತಿಳಿಯಲಿ. ನಮ್ಮ ನಲ್ಲಿಗಳಲ್ಲಿ ವಾರಕ್ಕೊಮ್ಮೆ ನೀರು ಬರುತ್ತದೆ, ಅದೂ ಬಂದರೆ. ಊರಾಚೆಯ ನಿಮ್ಮ ಸೈನಿಕರ ಶಿಬಿರಕ್ಕೆ ಮಾತ್ರ ನಮ್ಮ ಬೀದಿಯನ್ನೇ ಅಗೆದು ದಪ್ಪ ಪೈಪು ಹಾಕಿದರು. ಈ ಪೈಪಿಗೆ ಅನುಮತಿ ಕೊಟ್ಟವರು ಯಾರು ಎಂದು ಬುಥೈನಾ ಸಭೆಯಲ್ಲಿ ಕೇಳಿದಳು. ಧ್ವನಿ ಏರಿಸದೆ ಕೇಳಿದಳು, ಅಧ್ಯಕ್ಷರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿದಳು. ಹೀಗೆಯೇ ಕೇಳಬೇಕೆಂದು ಹೇಳಿಕೊಟ್ಟವರು ನೀವು. ಆ ತರಬೇತಿಗೆ ಮನೆಮನೆ ತಿರುಗಿ ಹೆಂಗಸರನ್ನು ಒಪ್ಪಿಸಿ ಕರೆತಂದವಳು ನಾನು, ನಿವೃತ್ತ ಶಾಲಾ ಶಿಕ್ಷಕಿ ವಸ್ಫಿಯಾ. ‘ಪ್ರಶ್ನೆ ಯಾರಿಗೆ ತಾಗಿದರೂ ಪರವಾಗಿಲ್ಲ, ನಮಗೆ ಮಾತ್ರ ತಾಗಬಾರದು’ ಎಂಬ ನಿಮ್ಮ ಒಂದು ಪಾಠ ಮಾತ್ರ ಹೇಳಿಕೊಡದೆ ಉಳಿದುಹೋಗಿತ್ತು. ಅದನ್ನೂ ಕಲಿಸಿಬಿಟ್ಟಿದ್ದರೆ ನಮ್ಮ ಹುಡುಗಿ ಈಗ ಮನೆಯಲ್ಲಿರುತ್ತಿದ್ದಳು.

ಆ ವಾರವೇ ಅವಳನ್ನು ಹಿಡಿದರು. ಆಗ ನಮ್ಮ ಹಿರಿಯರು ಜಾಹಾ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ನಿಮ್ಮ ಬಂಗಲೆಗೆ ಬಂದರು. ಹೆಣ್ಣು ಕೇಳಲಿಕ್ಕೆ, ಕೊಲೆಯಾದಾಗ ಎರಡು ಮನೆಗಳ ನಡುವೆ ರಾಜಿ ಮಾಡಿಸಲಿಕ್ಕೆ ನಮ್ಮವರು ಹೀಗೆ ಗುಂಪಾಗಿ ಹೋಗುತ್ತಾರೆ. ಆ ಮನೆಯವರು ಕೊಟ್ಟ ಕಾಫಿಯನ್ನು ಗುಂಪಿನ ಹಿರಿಯ ಕುಡಿಯದೆ ಮುಂದಿಡುತ್ತಾನೆ, ಬಂದ ಕಾರಣ ಹೇಳುತ್ತಾನೆ. ಮನೆಯವರು ‘ಕುಡಿಯಿರಿ’ ಎಂದರೆ ಕೋರಿಕೆ ನಡೆಸಿಕೊಟ್ಟಂತೆ. ಇದನ್ನು ನಿಮಗೆ ವಿವರಿಸುವ ಅಗತ್ಯವೇ ಇಲ್ಲ. ತರಬೇತಿಯ ಮೊದಲ ದಿನ ನೀವೇ ನಮ್ಮ ಪದ್ಧತಿಯನ್ನು ನಮಗೇ ಬಣ್ಣಿಸಿ, ‘ಇದೇ ನಿಮ್ಮ ಮಣ್ಣಿನ ಪ್ರಜಾಪ್ರಭುತ್ವ’ ಎಂದು ಚಪ್ಪಾಳೆ ಗಿಟ್ಟಿಸಿದ್ದಿರಿ.

ಅಂದು ಮುಂದೆ ಕೂತಿದ್ದವರು ಅಬೂ ಮುತೈಬ್. ಹೆಂಗಸರು ಚುನಾವಣೆಗೆ ನಿಲ್ಲುವುದನ್ನು ಊರಿನಲ್ಲಿ ಅವರಷ್ಟು ವಿರೋಧಿಸಿದವರು ಇನ್ನೊಬ್ಬರಿಲ್ಲ. ಊರಿನ ಮಗಳು ಜೈಲು ಸೇರಿದಳೆಂದು ತಮ್ಮ ಹಟ ಮರೆತು ಬಂದಿದ್ದರು. ಏಲಕ್ಕಿ ಘಮಘಮಿಸುವ ಬಟ್ಟಲನ್ನು ನಿಮ್ಮ ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟು:

“ಸಾಹೇಬ್ರೇ, ನಾವು ಜಾಸ್ತಿ ಏನೂ ಕೇಳಕ್ಕೆ ಬಂದಿಲ್ಲ. ಆ ಹುಡುಗಿ ನಿಮ್ಮ ಮನಸ್ಸು ನೋಯಿಸಿದ್ಲು ಅಂತ ಒಳಗೆ ಹಾಕವ್ರೆ. ನಮಗೇನೂ ನೋವಾಗಿಲ್ಲ ಅಂತ ಕೋರ್ಟಿಗೆ ಒಂದು ಮಾತು ಬರ್ದುಕೊಡಿ. ಅಷ್ಟೇ ನಮ್ಮ ಕೋರಿಕೆ.”

ನೀವು ಎದೆಯ ಮೇಲೆ ಕೈಯಿಟ್ಟು, ನಮ್ಮದೇ ಭಾಷೆಯಲ್ಲಿ, “ಕುಡೀರಿ ಅಬೂ ಮುತೈಬ್, ಬಂದ ಕೆಲಸ ಆಯ್ತು ಅಂದ್ಕೊಳ್ಳಿ” ಎಂದಿರಿ.

ಅವರು ಕುಡಿದರು. ನಾವೆಲ್ಲ ಕುಡಿದೆವು. ಹಿಂದಿರುಗುವಾಗ ವ್ಯಾನಿನಲ್ಲಿ ಆ ಮುದುಕರು ನನ್ನತ್ತ ತಿರುಗಿ, “ನೋಡಮ್ಮ ವಸ್ಫಿಯಾ, ಇಷ್ಟು ವರ್ಷ ನಿನ್ನ ಬೈಕೊಂಡೇ ಬಂದೆ. ಈ ಜನಕ್ಕೆ ಮಾತು ಅಂದ್ರೆ ಏನು ಅಂತ ಗೊತ್ತು ಕಣಮ್ಮ. ಮುಂದಿನ ಸಲ ನನ್ನ ಸೊಸೇನೂ ನಿಲ್ಲಿಸ್ತೀನಿ, ನೋಡ್ತಿರು” ಎಂದರು. ಮಾನ್ಯರೇ, ನಿಮ್ಮ ಅಷ್ಟೂ ತರಬೇತಿ ಶಿಬಿರಗಳು, ಬಣ್ಣದ ಪುಸ್ತಿಕೆಗಳು, ಹೋಟೆಲ್ ಊಟಗಳು ಸೇರಿ ಮಾಡಲಾಗದ್ದನ್ನು ಆ ಒಂದು ಗುಟುಕು ಮಾಡಿತ್ತು.

ಆಮೇಲೆ ನಿಮ್ಮ ವಕ್ತಾರರ ಹೇಳಿಕೆ ಬಂತು: ‘ಇದು ಸಾರ್ವಭೌಮ ರಾಷ್ಟ್ರದ ಆಂತರಿಕ ವಿಚಾರ. ನಾವು ತಲೆಹಾಕುವುದಿಲ್ಲ.’ ಆಹಾ, ಎಂಥ ಸಂಯಮ! ನಮ್ಮ ಊರಿನ ಪೈಪು ನಿಮ್ಮದು, ಶಿಬಿರ ನಿಮ್ಮದು, ತರಬೇತಿ ನಿಮ್ಮದು, ನೊಂದ ಮನಸ್ಸೂ ನಿಮ್ಮದೇ. ಹುಡುಗಿ ಮಾತ್ರ ಆಂತರಿಕ ವಿಚಾರ! ಅದೇ ತಿಂಗಳು, ನಿಮಗಾಗದ ಪಕ್ಕದ ದೇಶದಲ್ಲಿ ಒಬ್ಬ ಲೇಖಕನನ್ನು ಹಿಡಿದಾಗ ಸಂಜೆಯೊಳಗೆ ಖಂಡನೆ ಹೊರಡಿಸಿದಿರಲ್ಲ, ಆ ದೇಶಕ್ಕೆ ಸಾರ್ವಭೌಮತ್ವ ಇರಲಿಲ್ಲವೇ? ಅಥವಾ ಅಲ್ಲಿ ನಿಮ್ಮ ಸೈನಿಕರ ಶಿಬಿರ ಇಲ್ಲದ್ದಕ್ಕೋ? ಕಾಫಿಯ ಮುಂದೆ ಕೊಟ್ಟ ಮಾತು ಏನಾಯಿತೆಂದು ಫೋನು ಮಾಡಿ ಕೇಳಿದರೆ ನಿಮ್ಮ ಸಹಾಯಕರು, “ಅದು ಬರೀ ಉಪಚಾರಕ್ಕೆ ಹೇಳಿದ್ದು ಮೇಡಂ, ಅಧಿಕೃತ ಭರವಸೆ ಏನಲ್ಲ” ಎಂದರು. ಕಾಫಿ ಕುಡಿಸಿ ಕೈಯೆತ್ತಿದವನ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ನಿಮ್ಮಲ್ಲಿ ಬಡ್ತಿ ಕೊಡುತ್ತಾರೇನೋ.

ಅಬೂ ಮುತೈಬ್ ಈಗ ಊರಿನ ಹಿರಿಯರು ಸೇರುವ ಅತಿಥಿಶಾಲೆಗೆ ಬರುವುದಿಲ್ಲ. ಹಿರಿಯನ ಜಾಗದಲ್ಲಿ ಕೂರುವ ಮುಖ ತಮಗಿಲ್ಲ ಎನ್ನುತ್ತಾರೆ. ಮಾತು ತಪ್ಪಿದವರು ನೀವು, ಮುಖ ಮುಚ್ಚಿಕೊಂಡು ಕೂತವರು ಅವರು.

ಮೊನ್ನೆ ನಿಮ್ಮ ಹೊಸ ತರಬೇತಿ ಶಿಬಿರದ ಕರಪತ್ರ ಹಿಡಿದು ನೆರೆಮನೆಗೆ ಹೋದೆ. ಬುದ್ಧಿ ಬರುವುದು ತಡ ನನಗೆ. ಬಾಗಿಲಲ್ಲಿ ಉಮ್ಮ್ ನಾಯಿಫ್ ತಡೆದು ನಿಲ್ಲಿಸಿದಳು. “ಒಳಗ್ ಬಾ ವಸ್ಫಿಯಾಕ್ಕ, ಮನ್ಸಫ್ ಮಾಡಿದೀನಿ, ಹೊಟ್ಟೆ ತುಂಬ ತಿನ್ನು. ಆ ಕಾಗ್ದ ಮಾತ್ರ ಆಚೆ ಬಿಸಾಕಿ ಬಾ. ನನ್ನ ಮಗಳು ಪ್ರಶ್ನೆ ಕೇಳ್ಬಾರ್ದು ಅಂತ ನಾನೆಲ್ಲಿ ಹೇಳ್ದೆ? ಕೇಳ್ಲಿ, ಜೋರಾಗೇ ಕೇಳ್ಲಿ. ಮೇಲಕ್ಕೆ ಹತ್ಸಿ ಏಣಿ ಎಳ್ಕೊಳ್ಳೋರ್ ಜೊತೆ ಬೇಡ, ಅಷ್ಟೇ.” ಕಾಗದ ಆಚೆಯೇ ಬಿಸಾಡಿದೆ. ಊಟ ಮಾಡಿ ಬಂದೆ.

ಶಿಬಿರಕ್ಕೆ ಯಾರೂ ಬರಲಿಲ್ಲ. ‘ಸಾಂಪ್ರದಾಯಿಕ ಮನೋಭಾವವೇ ಅರಬರಲ್ಲಿ ಸುಧಾರಣೆಗೆ ಅಡ್ಡಿ’ ಎಂದು ನೀವು ವರದಿ ಬರೆದಿರೆಂದು ಕೇಳಿದೆ. ಸ್ವಾಮಿ, ಹೊರಗಿನದೆಂದು ನಾವು ಮೂಗು ಮುರಿಯುವವರಲ್ಲ. ನಾವು ತಿನ್ನುವ ಗೋಧಿ ಹೊರಗಿನದು, ನುಂಗುವ ಮಾತ್ರೆ ಹೊರಗಿನದು. ಆದರೆ ತೂಕದಲ್ಲಿ ಮೋಸ ಮಾಡಿದ ಅಂಗಡಿಗೆ ಯಾರು ಮತ್ತೆ ಹೋಗುತ್ತಾರೆ? ನಮ್ಮನ್ನು ಆಳುವವರನ್ನು ಪ್ರಶ್ನಿಸುವ ಆಸೆ ನಿಮ್ಮ ಕಚೇರಿ ತೆರೆಯುವ ಮೊದಲೂ ನಮ್ಮಲ್ಲಿತ್ತು. ಈಗಲೂ ಇದೆ. ನೀವು ಕೈ ಜೋಡಿಸಿದ ಮೇಲೆ ಆದ ವ್ಯತ್ಯಾಸ ಒಂದೇ. ನೀರು ಕೇಳುವವಳನ್ನೂ ಜನ ಈಗ ‘ರಾಯಭಾರಿಯ ಮಗಳು’ ಎಂದು ಅನುಮಾನದಿಂದ ನೋಡುತ್ತಾರೆ. ನಮ್ಮ ಅಧಿಕಾರಿಗಳು ಎಷ್ಟು ಖರ್ಚು ಮಾಡಿದ್ದರೂ ನಮಗೆ ಇಷ್ಟು ಕೆಟ್ಟ ಹೆಸರು ತರಲು ಅವರ ಕೈಲಿ ಆಗುತ್ತಿರಲಿಲ್ಲ.

ಈ ತಿಂಗಳ ಕೊನೆಗೆ ತೀರ್ಪು. ಅದಕ್ಕೆ ಮೊದಲು ‘ನಮ್ಮ ಸ್ನೇಹಕ್ಕೆ ಯಾವ ಧಕ್ಕೆಯೂ ಆಗಿಲ್ಲ’ ಎಂಬ ಒಂದು ಸಾಲನ್ನು ನಿಮ್ಮ ಮುದ್ರೆಯೊತ್ತಿ ನ್ಯಾಯಾಲಯಕ್ಕೆ ಕಳಿಸಿ. ಅದು ಆಗದಿದ್ದರೆ ಬುಥೈನಾಳಿಗೆ ಶಿಕ್ಷೆಯಾಗುತ್ತದೆ, ಅವಳ ಸ್ಥಾನ ತೆರವಾಗುತ್ತದೆ. ಆ ಸ್ಥಾನಕ್ಕೆ ನಾನು ನಿಲ್ಲುತ್ತೇನೆ, ನಿಂತು ಅದೇ ಪ್ರಶ್ನೆ ಕೇಳುತ್ತೇನೆ. ಆಗ ದಯವಿಟ್ಟು ನನ್ನನ್ನು ಹೊಗಳಬೇಡಿ, ನನ್ನ ಪರವಾಗಿ ಹೇಳಿಕೆ ಕೊಡಬೇಡಿ, ಯಾರಾದರೂ ಕೇಳಿದರೆ ಈ ಹೆಂಗಸು ಯಾರೋ ಗೊತ್ತಿಲ್ಲ ಎನ್ನಿ. ನಾನು ಗೆಲ್ಲಬೇಕಾಗಿದೆ.

ಇಂತಿ,
ನಿಮ್ಮವಳೆಂದು ಊರಿನಿಂದ ಬೈಸಿಕೊಳ್ಳುತ್ತಿರುವ,
ವಸ್ಫಿಯಾ