ಮನರಂಜನೆ ಎಂಬ ಖರ್ಚು

ಇವಳೇ,

ಹರಿದು ಹಾಕುವ ಮೊದಲು ಒಂದು ಸಲ ಓದು.

ಮನೆಯ ಲೆಕ್ಕಕ್ಕೆಂದು ನಾನು ಕಂಪ್ಯೂಟರಿಗೆ ಹಾಕಿಸಿದ ತಂತ್ರಾಂಶ, ಮೂರು ತಿಂಗಳಿಂದ ನಿನ್ನ ಕಾರ್ಡಿನ ದೊಡ್ಡ ಖರ್ಚನ್ನು ‘ಮನರಂಜನೆ’ ಎಂದು ಕೆಂಪಗೆ ತೋರಿಸುತ್ತಿತ್ತು. ಷೇರು, ಠೇವಣಿಯಲ್ಲಿ ಒಂದು ಪೈಸೆಯೂ ತಪ್ಪದ ಯಂತ್ರವೆಂದು ನಂಬಿದೆ. ನಿನ್ನಣ್ಣನ ಎದುರಿಗೇ, “ನಾನು ಬಣ್ಣದ ಡಬ್ಬ ಹೊತ್ತು ದುಡಿದಿದ್ರಲ್ಲಿ ಸಿನಿಮಾ ನೋಡ್ತೀಯಾ?” ಎಂದೆ. “ಆ ಕಂಪ್ಯೂಟರನ್ನೇ ಕಟ್ಕೊಂಡು ಬಾಳಿ” ಎಂದು ನೀನು ಅವನ ಜೊತೆ ಹೊರಟೆ.

ನಿನ್ನೆ ಆ ಖರ್ಚಿನ ಪಕ್ಕದಲ್ಲಿದ್ದ ಚಿತ್ರಮಂದಿರದ ಹೆಸರು ಹಿಡಿದು ಹುಡುಕಿ ಹೋದೆ. ಚಿತ್ರಮಂದಿರ ಮುಚ್ಚಿ ವರ್ಷಗಳಾಗಿವೆ. ಅದರ ಹೆಸರನ್ನೇ ಉಳಿಸಿಕೊಂಡ ಕಟ್ಟಡದಲ್ಲಿ ಈಗ ಕ್ಯಾನ್ಸರ್ ಆಸ್ಪತ್ರೆಯಿದೆ. ಬರೀ ಹೆಸರು ನೋಡಿ ಲೆಕ್ಕ ಬರೆದದ್ದು ಯಂತ್ರ, ಅದನ್ನು ನೋಡಿ ನಾಲಿಗೆ ಹರಿಬಿಟ್ಟವನು ನಾನು.

ನಿನ್ನ ಹೆಸರು ಹೇಳಿದಾಗ ಕೌಂಟರಿನಲ್ಲಿದ್ದ ಹೆಂಗಸು ಕೇಳಿದಳು: “ನೀವು ಅವರ ಯಜಮಾನ್ರಾ? ಊರಲ್ಲೇ ಇರಲ್ಲ ಅಂತಿದ್ರು!”

ನೀನು ಮತ್ತೆ ಯಾವಾಗ ಬರಬೇಕೆಂದು ಕೇಳಿ ಬರೆದುಕೊಂಡೆ.

ಪ್ರತಿ ಖರ್ಚಿಗೂ ಕಾರಣ ಕೇಳುವವನಿಗೆ ನೀನು ಇದನ್ನು ಹೇಗೆ ಹೇಳುತ್ತಿದ್ದೆ, ಬಿಡು.

ಗುರುವಾರ ಹತ್ತು ಗಂಟೆಗೆ ನಿನ್ನ ಚಿಕಿತ್ಸೆಯ ಸರದಿಯಂತೆ. ಬಣ್ಣದ ಅಂಗಡಿ ಮುಚ್ಚಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ. ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ. ನಿನ್ನ ಕೈಚೀಲವನ್ನಷ್ಟೇ ಹಿಡಿದುಕೊಳ್ಳಲು ಕೊಡು.

ಇಂತಿ,
ಊರಲ್ಲೇ ಇರುವ ನಿನ್ನ ಗಂಡ